ಗಣಕದ ಮೂಲಪ್ರತಿ: ತರುವುದು, ಇಟ್ಟುಕೊಳ್ಳುವುದು, ಹೊಸದು ಮಾಡುವುದು

(ಭಿವಂಡಿಯಲ್ಲಿ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪನಿಂದ ಆರಂಭಿಸಿ, ಏಕೀಕರಣದವರೆಗೆ ಬಂದು, ಮಕ್ಕಳಿಗೆ ಕನ್ನಡ ಕಲಿಸಿರೆಂದು ಬೇಡಿಕೊಂಡು ಮುಗಿಸುವುದು ವಾಡಿಕೆ. ನಾವು ಈ ಸಲ ಗಣಕಯಂತ್ರದ ವಿಷಯವಾಗಿ ನಾಲ್ಕು ಮಾತು ಆಡುತ್ತೇವೆಂದಾಗ ಕಾರ್ಯದರ್ಶಿಗಳು ಕೊಂಚ ಅನುಮಾನಿಸಿದರು. "ಊಟದ ಹೊತ್ತಿಗೆ ಮುಗಿಯುತ್ತದಷ್ಟೆ?" ಎಂದು ಕೇಳಿದರು. ಮುಗಿಸುತ್ತೇವೆ. ಆದರೆ ಈ ಮಾತು ಕನ್ನಡಕ್ಕೆ ಸಂಬಂಧಿಸಿದ್ದಲ್ಲವೆಂದು ಮಾತ್ರ ಯಾರೂ ಎಣಿಸಬಾರದಾಗಿ ಮೊದಲೇ ಅರಿಕೆ.

ನಡೆದ ಸಂಗತಿಯನ್ನು ಹೇಳಿಬಿಡುತ್ತೇವೆ. ನಮ್ಮ ಸಂಘದ ಹಳೆಯ ಸ್ಮರಣಸಂಚಿಕೆಗಳು ನಿಮಗೆಲ್ಲ ನೆನಪಿರಬೇಕು. ಈ ಊರಿಗೆ ಮೊದಮೊದಲು ಬಂದ ನಮ್ಮ ಹಿರಿಯರು, ಹೋಟೆಲಿನ ಕೆಲಸಕ್ಕೆ ಬಂದವರು, ಮಗ್ಗದ ಕಾರಖಾನೆಯಲ್ಲಿ ಲೆಕ್ಕ ಬರೆಯಲು ಬಂದವರು, ತಮ್ಮ ಬಾಯಿಂದಲೇ ಹೇಳಿ ಬರೆಸಿದ ನೆನಪುಗಳು ಅವುಗಳಲ್ಲಿದ್ದವು. ೨೦೦೫ರ ಜುಲೈ ೨೬ರ ಮಳೆಯನ್ನು ಇಲ್ಲಿ ಮರೆತವರಿಲ್ಲ. ಆ ನೀರಿಗೆ ಕಪಾಟಿನ ಕೆಳಗಿನ ಎರಡು ಹಲಗೆಗಳ ಪುಸ್ತಕವೆಲ್ಲ ಹೋಯಿತು. ಅಚ್ಚಿನ ಪ್ರತಿ ಹೋದರೇನು, ಬೆರಳಚ್ಚು ಮಾಡಿದ ಕಡತಗಳು ಸಿ.ಡಿ.ಗಳಲ್ಲಿ ಭದ್ರವಾಗಿವೆಯಲ್ಲ ಎಂದು ನಾವು ಧೈರ್ಯದಿಂದಿದ್ದೆವು.

ಕೆಲವು ವರ್ಷಗಳ ಮೇಲೆ ಹೊಸ ಗಣಕದಲ್ಲಿ ಆ ಕಡತಗಳನ್ನು ತೆರೆದು ನೋಡಿದರೆ, ಕಡತವೇನೋ ಇದೆ, ಒಳಗೆ ಒಂದಾದರೂ ಕನ್ನಡ ಅಕ್ಷರವಿಲ್ಲ! ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಹೋದ ಒಂದು ಸಂತೆ. ಆಗ ಬೆರಳಚ್ಚಿಗೆ ಬಳಸಿದ್ದ ತಂತ್ರಾಂಶ ಹೊಸ ಗಣಕದಲ್ಲಿ ನಡೆಯುವುದಿಲ್ಲ. ಅದನ್ನು ಮಾರಿದವರು ಅಂಗಡಿ ಮುಚ್ಚಿದ್ದಾರೆ. ಅದರ ಹೆಸರು ಇಲ್ಲಿ ಬೇಡ. ಅವರಿದ್ದರೂ ಅದು ಒಳಗೆ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ನಮಗೆ ತೋರಿಸುವ ಹಂಗು ಅವರಿಗಿರಲಿಲ್ಲ. ನಾವು ಹಣ ಕೊಟ್ಟು ತಂದದ್ದು ಬಟ್ಟೆಯನ್ನು ಮಾತ್ರ, ಅದರ ನಕ್ಷೆಯನ್ನಲ್ಲ.

ಈ ಮಾತನ್ನು ಭಿವಂಡಿಯಲ್ಲಿ ನಿಂತು ವಿವರಿಸುವುದು ಸುಲಭ. ನಮ್ಮ ಊರಿನ ಯಂತ್ರಮಗ್ಗಗಳಲ್ಲಿ ಹೆಚ್ಚಿನವು ಸಾದಾ ಬಟ್ಟೆ ನೇಯುವಂಥವು. ಆದರೆ ಜಾಕಾರ್ಡ್ ಕಟ್ಟಿದ ಮಗ್ಗವನ್ನು ಎಲ್ಲಿಯಾದರೂ ಕಂಡವರಿಗೆ ಇದು ತಿಳಿದಿರುತ್ತದೆ: ಮೊದಲು ಚೌಕಳಿ ಕಾಗದದ ಮೇಲೆ ಹೂವಿನ ನಕ್ಷೆ ಬರೆಯುತ್ತಾರೆ. ಆ ನಕ್ಷೆಯಂತೆ ದಪ್ಪ ಕಾಗದದ ಪಟ್ಟಿಗಳಲ್ಲಿ ತೂತು ಹೊಡೆಯುತ್ತಾರೆ. ತೂತಿರುವಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ; ಲಾಳಿ ಹೊಕ್ಕು ಹಾಕಿಕೊಂಡು ಹೋಗುತ್ತದೆ; ಬಟ್ಟೆಯಲ್ಲಿ ಹೂ ಮೂಡುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜಾಕಾರ್ಡ್ ಎಂಬಾತ ೧೮೦೪ರ ಸುಮಾರಿಗೆ ಇದನ್ನು ನೆಲೆಗೊಳಿಸಿದ. ಗಣಕಯಂತ್ರದ ಪೂರ್ವಜರಲ್ಲಿ ಕೆಲವರು ಆ ತೂತಿನ ಪಟ್ಟಿಯನ್ನೇ ಎರವಲು ತಂದವರು. ಈಗ ನೋಡಿ, ಸಿದ್ಧವಾದ ಸೀರೆಯನ್ನು ಕೈಯಲ್ಲಿ ಹಿಡಿದು ಎಳೆ ಎಳೆ ಬಿಡಿಸಿ ನಕ್ಷೆಯನ್ನು ಊಹಿಸುವ ಜಾಣರಿಲ್ಲದೆ ಇಲ್ಲ. ಆದರೆ ಅದು ಎಷ್ಟು ಪ್ರಯಾಸದ ಕೆಲಸ! ನಕ್ಷೆಯ ಕಾಗದ ಕೈಯಲ್ಲಿದ್ದರೆ ಒಂದು ದಳ ಹೆಚ್ಚಿಸುವುದೂ ಒಂದು ಎಲೆ ತಿದ್ದುವುದೂ ಅರ್ಧ ಗಂಟೆಯ ಮಾತು. ಗಣಕದಲ್ಲಿ ನಡೆಯುವ ತಂತ್ರಾಂಶ ಸೀರೆ. ಅದನ್ನು ಮನುಷ್ಯರು ಓದುವ ರೀತಿಯಲ್ಲಿ ಬರೆದಿಟ್ಟ ಮೂಲಪ್ರತಿ, ಅಂದರೆ ಸೋರ್ಸ್ ಕೋಡ್, ಆ ಚೌಕಳಿ ಕಾಗದ.

ಈ ಕಾಗದ ಬಳಸುವವನ ಕೈಗೆ ಸಿಗಲೇಬೇಕೆಂದು ಹಟ ಹಿಡಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು. ೧೯೮೩ರಲ್ಲಿ ಅವರು 'ಗ್ನು' ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು. ೧೯೮೯ರಲ್ಲಿ ಅದಕ್ಕೊಪ್ಪುವ ಪರವಾನಗಿಯನ್ನು ಬರೆದು, ಅದರ ಎರಡನೆಯ ಪಾಠವನ್ನು ೧೯೯೧ರಲ್ಲಿ ಹೊರತಂದರು. ಅದೇ ೧೯೯೧ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ಲೀನಸ್ ಟೋರ್ವಾಲ್ಡ್ಸ್ ಎಂಬ ೨೧ ವರ್ಷದ ವಿದ್ಯಾರ್ಥಿ, ತಾನೊಂದು ಕಾರ್ಯವ್ಯವಸ್ಥೆ ಬರೆಯುತ್ತಿದ್ದೇನೆ, ಹವ್ಯಾಸಕ್ಕಾಗಿ ಮಾತ್ರ ಎಂದು ಬಲ್ಲವರಿಗೆ ತಿಳಿಸಿದ. ಅದೇ ಲಿನಕ್ಸ್. ಮೊದಲ ಪ್ರತಿಯಲ್ಲಿ ಸುಮಾರು ೧೦ ಸಾವಿರ ಸಾಲುಗಳಿದ್ದವು. ೨೦೨೫ರ ಆರಂಭಕ್ಕೆ ಅದು ೪ ಕೋಟಿ ಸಾಲುಗಳಾಗಿ ಬೆಳೆದಿತ್ತು. ಇನ್ನೊಂದು ಕಾಕತಾಳೀಯವನ್ನೂ ಹೇಳಬೇಕು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತೆಲ್ಲ ಒಪ್ಪುವ ಒಂದು ಸಂಖ್ಯೆಯನ್ನು ಕೊಟ್ಟ ಯುನಿಕೋಡಿನ ಮೊದಲ ಆವೃತ್ತಿಯೂ ೧೯೯೧ರ ಅಕ್ಟೋಬರಿನಲ್ಲೇ ಬಂದಿತು.

ಆ ಪರವಾನಗಿಯಲ್ಲಿ ನಮ್ಮಂಥವರು ಗಮನಿಸಬೇಕಾದ ಒಂದು ಕಲಮು ಇದೆ. ಈ ಬಗೆಯ ತಂತ್ರಾಂಶವನ್ನು ವ್ಯಾಪಾರಕ್ಕಾಗಿ ಹಂಚುವವನು ಮೂಲಪ್ರತಿಯನ್ನೂ ಜೊತೆಗೆ ಕೊಡಬೇಕು. ಕೊಡದಿದ್ದರೆ, ಕೇಳಿದ ಯಾರಿಗಾದರೂ ಕಡಿಮೆಪಕ್ಷ ೩ ವರ್ಷ ಕಾಲ, ಪ್ರತಿ ಮಾಡುವ ಖರ್ಚಿಗೆ ಮೀರದ ಹಣಕ್ಕೆ ಕೊಡುತ್ತೇನೆಂದು ಬರೆದುಕೊಡಬೇಕು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಲಿನಕ್ಸೇ. ಅದರ ಸೆಟ್ಟಿಂಗಿನೊಳಗೆ ಕಾನೂನು ಮಾಹಿತಿ ಎಂಬಲ್ಲಿ ಒತ್ತಿದರೆ ಪರವಾನಗಿಗಳ ಉದ್ದನೆಯ ಪಟ್ಟಿ ಬರುತ್ತದೆ. ಅದನ್ನು ಓದಿದವರು ಈ ಸಭೆಯಲ್ಲಿ ಇಬ್ಬರಿದ್ದರೂ ನಮಗೆ ಆಶ್ಚರ್ಯ. ಪುಕ್ಕಟೆಯಾಗಿ ಸಿಗುವುದು ಬೇರೆ, ಮೂಲಪ್ರತಿ ಸಿಗುವುದು ಬೇರೆ. ಇವೆರಡನ್ನು ಒಂದೇ ಎಂದು ತಿಳಿದು ಮೋಸಹೋದವರಲ್ಲಿ ನಾವೂ ಇದ್ದೇವೆ.

ಮುಂಬಯಿಯವರಿಗೆ ಈ ಕಥೆಯಲ್ಲಿ ಹೆಮ್ಮೆಪಡುವ ಪಾಲಿದೆ. ಜುಹೂವಿನಲ್ಲಿ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರವೆಂಬ ಸಂಸ್ಥೆಯೊಂದಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಡಲಿಂದ ೧೯೮೫ರಲ್ಲಿ ಹೊರಬಂದು, ೨೦೦೩ರಲ್ಲಿ ಸಿ-ಡ್ಯಾಕಿನಲ್ಲಿ ವಿಲೀನವಾಯಿತು. ಲಿನಕ್ಸಿನ ಪರದೆಯ ಮೇಲೆ ಭಾರತದ ಲಿಪಿಗಳನ್ನು ಮೂಡಿಸುವ 'ಇಂಡಿಕ್ಸ್' ಎಂಬ ಕೆಲಸ ನಡೆದದ್ದು ಅಲ್ಲಿ. ನಮ್ಮ ಕೆ. ಪಿ. ರಾಯರನ್ನೂ ಇಲ್ಲಿ ನೆನೆಯಬೇಕು. ಕಿನ್ನಿಕಂಬಳದ ಪದ್ಮನಾಭ ರಾಯರು ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಕನ್ನಡಕ್ಕೊಂದು ಕೀಲಿಮಣೆಯ ವಿನ್ಯಾಸ ಮಾಡಿ, ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟರು. ಆ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ಕೈಗೆತ್ತಿಕೊಂಡಿತು; ಕರ್ನಾಟಕ ಸರ್ಕಾರ ಮಾನ್ಯ ಮಾಡಿತು. ಅದು ಲಿನಕ್ಸಿನೊಳಗೆ ಹೇಗೆ ಸೇರಿದೆಯೆಂಬುದನ್ನು ಇನ್ನು ಸ್ವಲ್ಪದರಲ್ಲೇ ಕೈಮುಟ್ಟಿ ತೋರಿಸುತ್ತೇವೆ.

ಮೂಲಪ್ರತಿ ತರುವ ಬಗೆ ಹಿಂದೆ ಹೀಗಿರಲಿಲ್ಲ. ವಿದೇಶ ಸಂಚಾರ ನಿಗಮದವರು ೧೯೯೫ರ ಆಗಸ್ಟ್ ೧೫ರಂದು ಮುಂಬಯಿಯಲ್ಲಿ ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದ ಕಾಲದಲ್ಲಿ, ದೂರವಾಣಿ ತಂತಿಯ ಮೇಲೆ ಒಂದು ಸಿ.ಡಿ.ಯಷ್ಟು ಸರಕು ಇಳಿಸಬೇಕಾದರೆ ಏನಾಗುತ್ತಿತ್ತು? ೬೫೦ ಮೆಗಾಬೈಟು, ಸೆಕೆಂಡಿಗೆ ೨೮.೮ ಕಿಲೋಬಿಟ್ ವೇಗ ಹಿಡಿಯಿರಿ. ಲೆಕ್ಕ ಹಾಕಿದರೆ ೫೦ ಗಂಟೆ! ಎರಡು ಹಗಲು, ಎರಡು ರಾತ್ರಿ, ನಡುವೆ ಒಂದು ಸಲವೂ ತಂತಿ ಕಡಿಯಬಾರದು, ಮನೆಯವರಾರೂ ದೂರವಾಣಿ ಎತ್ತಬಾರದು, ಭಿವಂಡಿಯಲ್ಲಿ ವಿದ್ಯುತ್ತು ಹೋಗಬಾರದು. ಕೊನೆಯದೊಂದೇ ಸಾಕಿತ್ತು. ಆದಕಾರಣ ಜನ ಪತ್ರಿಕೆಗಳೊಡನೆ ಬರುತ್ತಿದ್ದ ಸಿ.ಡಿ.ಗಳನ್ನು ನೆಚ್ಚಿದ್ದರು, 'ಪಿ.ಸಿ. ಕ್ವೆಸ್ಟ್' ಪತ್ರಿಕೆ ಲಿನಕ್ಸಿನ ಸಿ.ಡಿ. ಕೊಡುತ್ತಿದ್ದುದು ಆ ಪೀಳಿಗೆಯವರಿಗೆ ನೆನಪಿದೆ. ಮುಂದೆ ೨೦೦೫ರಿಂದ ೨೦೧೧ರವರೆಗೆ ಉಬುಂಟು ಎಂಬ ಪ್ರಭೇದದವರು ಬರೆದು ಕೇಳಿದವರಿಗೆಲ್ಲ ಅಂಚೆ ವೆಚ್ಚವನ್ನೂ ತಾವೇ ಭರಿಸಿ ಸಿ.ಡಿ. ಕಳುಹಿಸಿದರು. ಹೊರದೇಶದಿಂದ ಬಂದ ಲಕೋಟೆಯೊಳಗೆ ಹಣ ಕೇಳದ ಒಂದು ವಸ್ತುವಿದೆಯೆಂದು ಹೇಳಿದರೆ ಆಗ ಅಂಚೆಯವನೂ ನಂಬುತ್ತಿರಲಿಲ್ಲ.

ಇಂದು ಅದೆಲ್ಲ ತೊಂದರೆಯಿಲ್ಲ. ನಾವು ಗ್ರಂಥಾಲಯದ ಗಣಕದಲ್ಲಿ ಇಟ್ಟಿರುವುದು ಡೆಬಿಯನ್ ಎಂಬ ಪ್ರಭೇದ. ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬಾತ ಆರಂಭಿಸಿದ್ದು. ಜಗತ್ತಿನ ಸ್ವಯಂಸೇವಕರು ನಡೆಸುತ್ತಿರುವುದು. ಸ್ಥಾಪಿಸುವಾಗ ಬರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರುವಂಥದು. ನಮ್ಮ ಸಿ-ಡ್ಯಾಕಿನವರ 'ಬಾಸ್' ಎಂಬ ಭಾರತೀಯ ವ್ಯವಸ್ಥೆಗೂ ಇದೇ ತಳಹದಿ. ಇದರ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಎಂಬ ಮಕ್ಕಳ ಚಲನಚಿತ್ರದ ಗೊಂಬೆಗಳ ಹೆಸರಿಡುತ್ತಾರೆ. ದೊಡ್ಡವರ ಕೆಲಸಕ್ಕೆ ಮಕ್ಕಳಾಟದ ಹೆಸರೇಕೆಂದು ನಮಗೂ ಮೊದಲು ಅನ್ನಿಸಿತ್ತು, ಈಗ ರೂಢಿಯಾಗಿದೆ.

ಮೂಲಪ್ರತಿ ಎಲ್ಲಿಂದ ತರಬೇಕೆಂಬ ವಿಳಾಸಗಳು ಗಣಕದಲ್ಲೇ ಒಂದು ಕಡತದಲ್ಲಿ ಬರೆದಿರುತ್ತವೆ. 'ಡೆಬ್' ಎಂದು ಆರಂಭವಾಗುವ ಸಾಲು ಸಿದ್ಧ ಬಟ್ಟೆಯ ಅಂಗಡಿ. 'ಡೆಬ್-ಎಸ್‌ಆರ್‌ಸಿ' ಎಂಬುದು ನಕ್ಷೆಯ ಅಂಗಡಿ. ಕೆಲವು ಪ್ರಭೇದಗಳಲ್ಲಿ ಈ ಎರಡನೆಯ ಸಾಲನ್ನು ತಡೆಹಿಡಿದಿರುತ್ತಾರೆ. ಮೊದಲು ಅದನ್ನು ಬಿಡಿಸಬೇಕು. ಅನಂತರ 'ಆಪ್ಟ್ ಸೋರ್ಸ್' ಎಂದು ಬರೆದು, ಬೇಕಾದ ತಂತ್ರಾಂಶದ ಹೆಸರನ್ನು ಮುಂದಿಟ್ಟು ಒತ್ತಿದರಾಯಿತು. ಮೂಲ ಲೇಖಕರ ಪ್ರತಿ, ಅದರ ಮೇಲೆ ಡೆಬಿಯನ್ನಿನವರು ಮಾಡಿದ ತಿದ್ದುಪಡಿ, ಎರಡಕ್ಕೂ ಲೆಕ್ಕಪತ್ರದಂತಿರುವ ಒಂದು ವಿವರಣೆ, ಮೂರೂ ಬಂದು ಬೀಳುತ್ತವೆ.

ನಾವು ಮೊದಲು ತರಿಸಿದ್ದು ಕೀಲಿಮಣೆಗಳ ಕಟ್ಟನ್ನು. 'ಎಕ್ಸ್‌ಕೀಬೋರ್ಡ್-ಕಾನ್ಫಿಗ್' ಎಂದು ಅದರ ಹೆಸರು. ಅದರಲ್ಲಿ ಭಾರತದ ಭಾಷೆಗಳಿಗಾಗಿ 'ಇನ್' ಎಂಬ ಎರಡಕ್ಷರದ ಹೆಸರಿನ ಒಂದೇ ಕಡತ. ತೆರೆದು ಕೆಳಗೆ ಕೆಳಗೆ ಇಳಿದರೆ 'ಕನ್-ಕಗಪ' ಎಂಬ ಭಾಗ ಸಿಗುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು! ಯಾವ ಕೀಲಿ ಒತ್ತಿದರೆ ಯಾವ ಅಕ್ಷರವೆಂದು, ಕೀಲಿಗೊಂದು ಸಾಲಿನಂತೆ, ರಾಯರ ವಿನ್ಯಾಸ ಅಲ್ಲಿ ಬರೆದಿದೆ. ಇದನ್ನು ಓದಲು ಎಂಜಿನಿಯರ್ ಆಗಬೇಕಿಲ್ಲ. ನಮ್ಮ ಶನಿವಾರದ ಕನ್ನಡ ತರಗತಿಗೆ ಬರುವ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು, ಮರಾಠಿ ಶಾಲೆಯಲ್ಲಿ ಓದುವವಳು, ಅದನ್ನು ನೋಡಿ, "ಇದು ಬಾರಾಖಡಿಯ ತಖ್ತೆ ಅಲ್ಲವೇ ಅಜ್ಜ?" ಎಂದು ಕೇಳಿದಳು. ಹೌದು, ಅದು ಬಾರಾಖಡಿಯ ತಖ್ತೆಯೇ. ಅಕ್ಷರದ ಅಚ್ಚುಗಳೂ ಹಾಗೆಯೇ ಸಿಗುತ್ತವೆ. ಅರವಿಂದ ವಿ. ಕೆ. ಎಂಬವರು ಮಾಡಿದ 'ಗುಬ್ಬಿ', 'ನವಿಲು' ಎಂಬ ಎರಡು ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ನಿನ ಉಗ್ರಾಣದಲ್ಲಿವೆ. ನವಿಲಂತೂ ಕೈಬರಹದಂತೆ ಮುದ್ದಾಗಿದೆ.

ಇಡೀ ಲಿನಕ್ಸಿನ ತಿರುಳನ್ನೇ ತರಬೇಕೆಂಬ ಉತ್ಸಾಹವಿದ್ದವರಿಗೆ ಎರಡು ದಾರಿ. ಕಟ್ಟಿಟ್ಟ ಗಂಟನ್ನು ಹಾಗೆಯೇ ಇಳಿಸಿಕೊಳ್ಳುವುದು ಒಂದು. ಸುಮಾರು ೧೪೦–೧೫೦ ಮೆಗಾಬೈಟು, ಒಂದು ಚಿಕ್ಕ ವಿಡಿಯೋವಿನಷ್ಟು. ಇನ್ನೊಂದು 'ಗಿಟ್' ಎಂಬ ಉಪಕರಣದ ದಾರಿ. ಇದನ್ನೂ ಟೋರ್ವಾಲ್ಡ್ಸರೇ ೨೦೦೫ರ ಏಪ್ರಿಲಿನಲ್ಲಿ ಬರೆದರು. 'ಗಿಟ್ ಕ್ಲೋನ್' ಎಂದರೆ ಇಂದಿನ ಪ್ರತಿಯಷ್ಟೇ ಅಲ್ಲ, ಯಾರು ಯಾವ ದಿನ ಯಾವ ಸಾಲನ್ನು ಏಕೆ ಬದಲಿಸಿದರೆಂಬ ಖಾತೆಪುಸ್ತಕವೆಲ್ಲ ಮನೆಗೆ ಬರುತ್ತದೆ. ಅದು ಹಲವು ಗಿಗಾಬೈಟು. ಇತಿಹಾಸ ಬೇಡ, ಇಂದಿನ ಪ್ರತಿ ಸಾಕೆನ್ನುವವರು ಆಳ ಒಂದು ಎಂದು ಸೂಚಿಸಿದರೆ ಹೊರೆ ಬಹಳ ಇಳಿಯುತ್ತದೆ. ಮೊಬೈಲಿನ ದಿನದ ಪಾಲಿನಲ್ಲಿ ತರುವವರು ಇದನ್ನು ಮರೆಯಬಾರದು. ನಾವು ಮರೆತು ಒಂದು ದಿನದ ಪಾಲನ್ನು ಬೆಳಗಿನ ಹತ್ತು ಗಂಟೆಗೇ ಖಾಲಿ ಮಾಡಿಕೊಂಡೆವು.

ತಂದದ್ದಾಯಿತು, ಹೊಸದು ಮಾಡುತ್ತಿರುವುದು ಹೇಗೆ? ಇಲ್ಲಿ ಬಹಳ ಜನ ತಪ್ಪುತ್ತಾರೆ. 'ಆಪ್ಟ್ ಅಪ್‌ಡೇಟ್' ಎಂದು ಒತ್ತಿ, ಆಯಿತಲ್ಲ ಎಂದು ಎದ್ದುಹೋಗುತ್ತಾರೆ. ಅದು ಭಿವಂಡಿ ರೋಡ್ ನಿಲ್ದಾಣದಲ್ಲಿ ವಸಯಿ–ದಿವಾ ಗಾಡಿಯ ಹೊಸ ವೇಳಾಪಟ್ಟಿಯನ್ನು ಓದಿಕೊಂಡಂತೆ. ಗಾಡಿ ಹತ್ತಿದ್ದಾಗಲಿಲ್ಲ. ಹತ್ತುವುದು 'ಅಪ್‌ಗ್ರೇಡ್' ಎಂಬುದರಿಂದ. ಅದರಿಂದಲೂ ಹೊಸದಾಗುವುದು ನಡೆಯುವ ತಂತ್ರಾಂಶ ಮಾತ್ರ. ನೀವು ಹಿಂದೆ ತರಿಸಿಟ್ಟ ಮೂಲಪ್ರತಿ ಹಳೆಯದಾಗಿಯೇ ಕುಳಿತಿರುತ್ತದೆ. ಅದನ್ನು ಮತ್ತೆ ತರಿಸಬೇಕು. ಗಿಟ್ಟಿನಿಂದ ತಂದದ್ದಾದರೆ 'ಗಿಟ್ ಪುಲ್' ಎಂದರೆ ಬದಲಾದಷ್ಟು ಭಾಗ ಮಾತ್ರ ಬಂದು ಕೂಡಿಕೊಳ್ಳುತ್ತದೆ. ನೀವು ತಿದ್ದಿದ ಸಾಲನ್ನೇ ಅವರೂ ತಿದ್ದಿದ್ದರೆ ಗಿಟ್ ಅಲ್ಲಿಯೇ ನಿಂತು, ಯಾವುದನ್ನು ಇಡಲೆಂದು ಕೇಳುತ್ತದೆ. ಇಬ್ಬರು ಸೊಸೆಯರು ಒಂದೇ ಸಾರಿಗೆ ಉಪ್ಪು ಹಾಕಿದ ಮೇಲೆ ಗೊತ್ತಾಗುವುದಕ್ಕಿಂತ ಇದು ಮೇಲು. ತಿರುಳು ಹೊಸದಾದಾಗ ಗಣಕವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸದೆ ಅದು ಜಾರಿಗೆ ಬರುವುದಿಲ್ಲವೆಂಬುದೂ ನೆನಪಿರಲಿ.

ಹೊಸದು ಮಾಡದಿದ್ದರೆ ಏನಾಗುತ್ತದೆಂದು ಹಿರಿಯರೊಬ್ಬರು ಕೇಳಿದ್ದರು. ಕನ್ನಡದ ಉದಾಹರಣೆಯನ್ನೇ ಕೊಡುತ್ತೇವೆ. ಹಳಗನ್ನಡದ ನಕಾರಪೊಲ್ಲು ಎಂಬ ಅಕ್ಷರಕ್ಕೆ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು ೨೦೨೧ರಲ್ಲಿ. ಅದಕ್ಕೆ ಮುಂಚಿನ ಗಣಕದಲ್ಲಿ ಅದು ಬರಿಯ ಚೌಕವಾಗಿ ಕಾಣುತ್ತದೆ. 'ರ‍್ಯಾಂಕ್' ಎಂದು ಬರೆಯುವಾಗ ರಕಾರ ಮುಂದೆ ನಿಂತು ಯಕಾರ ಒತ್ತಾಗಬೇಕು. ಇದಕ್ಕಾಗಿ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಇಡುವ ನಿಯಮವಿದೆ. ಅದನ್ನು ತಿಳಿಯದ ಹಳೆಯ ತಂತ್ರಾಂಶ ಅರ್ಕಾವೊತ್ತು ಹಾಕಿಯೋ, ಅಕ್ಷರ ಒಡೆದೋ ತೋರಿಸುತ್ತದೆ. ಇವು ಕಣ್ಣಿಗೆ ಕಾಣುವ ಕುಂದುಗಳು. ಕಾಣದವು ಇನ್ನೂ ಕೆಟ್ಟವು: ಕಳ್ಳರು ನುಗ್ಗುವ ಕಿಂಡಿಗಳು. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ದುರಸ್ತಿ ನಿಂತಿತು. ಯಂತ್ರ ಗಟ್ಟಿಯಾಗಿದ್ದೂ ಹೊಸ ಆವೃತ್ತಿಗೆ ಅರ್ಹವಾಗದ ಗಣಕಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ಅವನ್ನು ಭಂಗಾರದವನಿಗೆ ಹಾಕುವ ಮೊದಲು ಒಂದು ಮಾತು ನಮಗೆ ತಿಳಿಸಿ. ಡೆಬಿಯನ್ನಿನ ೧೩ನೆಯ ಆವೃತ್ತಿ ೨೦೨೫ರ ಆಗಸ್ಟಿನಲ್ಲಿ ಬಂದಿದೆ; ಒಂದೊಂದು ಆವೃತ್ತಿಗೆ ಸುಮಾರು ಐದು ವರ್ಷದ ರಕ್ಷಣೆಯ ದುರಸ್ತಿ ಸಿಗುತ್ತದೆ. ಎಲ್ಲ ಹಳೆಯ ಯಂತ್ರಕ್ಕೂ ಇದು ರಾಮಬಾಣವೆಂದು ನಾವು ಹೇಳುವುದಿಲ್ಲ. ತೀರ ಹಳೆಯ ೩೨ ಬಿಟ್ಟಿನ ಯಂತ್ರಗಳನ್ನು ಈ ೧೩ನೆಯ ಆವೃತ್ತಿಯಲ್ಲಿ ಕೈಬಿಟ್ಟಿದ್ದಾರೆ.

ಮೂಲಪ್ರತಿ ತೆರೆದಿದೆ ಎಂದಮಾತ್ರಕ್ಕೆ ಕಣ್ಣುಮುಚ್ಚಿ ನಂಬಬಹುದೆಂದು ತಿಳಿಯಬಾರದು. ೨೦೨೪ರ ಮಾರ್ಚಿನಲ್ಲಿ ನಡೆದುದನ್ನು ಕೇಳಿ. 'ಎಕ್ಸ್‌ಝಡ್' ಎಂಬುದು ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಒಂದು ಉಪಕರಣ. ಅದರ ಪಾಲಕನ ವಿಶ್ವಾಸವನ್ನು ವರ್ಷಗಟ್ಟಲೆ ನಯವಾಗಿ ಗಳಿಸಿಕೊಂಡ ಒಬ್ಬಾತ, ಅದರಲ್ಲಿ ಹಿಂಬಾಗಿಲೊಂದನ್ನು ಇಟ್ಟುಬಿಟ್ಟಿದ್ದ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರರಿಗೆ ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಅನುಮಾನ ಬಂದಿತು. ಅರ್ಧ ಸೆಕೆಂಡು! ಅವರು ಬಿಡದೆ ಬೆನ್ನುಹತ್ತಿ ಕಳ್ಳತನವನ್ನು ಹೊರಗೆಳೆದರು. ಇದರಲ್ಲಿ ನಮಗೆ ಬೇಕಾದ ಸಂಗತಿಯೆಂದರೆ, ಆ ಬಾಗಿಲನ್ನು ತೆರೆಯುವ ಸಾಲುಗಳು ಎಲ್ಲರೂ ನೋಡುವ ಗಿಟ್ಟಿನ ಖಾತೆಯಲ್ಲಿರಲಿಲ್ಲ. ಕಟ್ಟಿ ಹಂಚಿದ ಗಂಟಿನಲ್ಲಿ ಮಾತ್ರ ಇದ್ದವು. ಆದಕಾರಣ ಗಂಟನ್ನು ಇಳಿಸಿಕೊಂಡವರು ಅದರ ಮುದ್ರೆಯನ್ನು ಹೊಂದಿಸಿ ನೋಡಬೇಕು. ಶಾ-೨೫೬ ಎಂಬ ಲೆಕ್ಕದಿಂದ ಬರುವ ಅಂಕೆ ಪ್ರಕಟಿಸಿದವರ ಅಂಕೆಗೆ ಒಂದಕ್ಷರವೂ ತಪ್ಪದೆ ಹೊಂದಬೇಕು. ಅವರ ರುಜುವೂ ಸರಿಯಿರಬೇಕು. ಎಕ್ಸ್‌ಝಡ್ಡಿನ ಪ್ರಕರಣದಲ್ಲಿ ಈ ಪರೀಕ್ಷೆಯೂ ಸಾಲದಾಯಿತು, ಏಕೆಂದರೆ ರುಜು ಹಾಕಿದವನೇ ಕಳ್ಳ. ಆದರೂ ಮೂಲ ತೆರೆದಿದ್ದುದರಿಂದಲೇ ಹೊರಗಿನವರೊಬ್ಬರು ಅದನ್ನು ಹಿಡಿದರೆಂಬುದರಲ್ಲಿ ಸಂದೇಹವಿಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ಅದು ತಲಪಿರಲಿಲ್ಲ. ಎಲ್ಲಕ್ಕಿಂತ ಹೊಸದೇ ಬೇಕೆಂದು ಹಾತೊರೆಯುವ ನಮ್ಮ ತರುಣ ಮಿತ್ರರು ಇದನ್ನು ಗಮನಿಸಲಿ.

ಇನ್ನು ನಮ್ಮ ಹಳೆಯ ಕಡತಗಳ ವಿಷಯಕ್ಕೆ ಬರುತ್ತೇವೆ. ಹಳೆಯ ಅಕ್ಷರಸಂಕೇತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಮುಕ್ತ ಉಪಕರಣವೊಂದನ್ನು ಅದರ ಮೂಲಪ್ರತಿಯ ಸಹಿತ ತರಿಸಿದೆವು. ಮೊದಲ ಪುಟವನ್ನು ಹಾಕಿದಾಗ ಅರ್ಧ ಕನ್ನಡ, ಅರ್ಧ ಕಸ ಬಂದಿತು. ಏಕೆಂದರೆ ನಮ್ಮ ಕಡತದ ಸಂಕೇತ ಎಲ್ಲರೂ ಬಳಸುತ್ತಿದ್ದುದಕ್ಕಿಂತ ತುಸು ಬೇರೆ. ಆ ಕಾಲದ ತಂತ್ರಾಂಶಗಳು ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ಜೋಡಿಸಿಡುತ್ತಿದ್ದವು. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಕಣ್ಣಿಗೆ ಮಕಾರದ ನಂತರ ಬರುತ್ತದಲ್ಲವೆ? ಕಡತದಲ್ಲೂ ಹಾಗೆಯೇ ಇತ್ತು. ಯುನಿಕೋಡಿನಲ್ಲಾದರೋ ಉಚ್ಚಾರದ ಕ್ರಮ. ರಕಾರ ಮೊದಲು ಬರಬೇಕು. ಸಂಘದ ಮೂವರು ಹುಡುಗರು ಕುಳಿತು ಉಪಕರಣದ ಕೋಷ್ಟಕದಲ್ಲಿ ನಮ್ಮ ಸಂಕೇತದ ಸಾಲುಗಳನ್ನು ಒಂದೊಂದಾಗಿ ಸೇರಿಸಿದರು. ಯಾವ ಚಿಹ್ನೆ ಯಾವ ಅಕ್ಷರವೆಂದು ಹೇಳಿದವರು ಹುಡುಗರಲ್ಲ. ಆಗ ಬೆರಳಚ್ಚು ಮಾಡಿದ್ದ ನಮ್ಮ ಹಿರಿಯ ಅಕ್ಕ. ಕೀಲಿಗಳ ನೆನಪು ಅವರ ಬೆರಳಲ್ಲೇ ಉಳಿದಿತ್ತು. ಅವರು ಮೇಜಿನ ಮೇಲೆ ಬೆರಳಾಡಿಸಿ ಹೇಳುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಒಂದು ಭಾನುವಾರದ ಸಂಜೆ, ಕಲ್ಯಾಣ ನಾಕೆಯ ಬಳಿ ಚಹದ ಅಂಗಡಿಯಿಂದ ಆರಂಭಿಸಿದ ಹಿರಿಯರೊಬ್ಬರ ನೆನಪು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕನ್ನಡದಲ್ಲಿ ಪರದೆಯ ಮೇಲೆ ನಿಂತಿತು. ಅವರ ಮಗಳು ಅಲ್ಲಿಯೇ ಇದ್ದರು. ಅವರು ಗಟ್ಟಿಯಾಗಿ ಓದಲಾರಂಭಿಸಿ, ಎರಡನೆಯ ಕಂಡಿಕೆಗೆ ಮುಂದೆ ಓದಲಾರದೆ ಹೋದರು. ಉಳಿದುದನ್ನು ನಾವು ಓದಿದೆವು.

ಸೇರಿಸಿದ ಸಾಲುಗಳನ್ನು ಆ ಉಪಕರಣವನ್ನು ನೋಡಿಕೊಳ್ಳುವವರಿಗೂ ಕಳುಹಿಸಿದ್ದೇವೆ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಇಂಥದೇ ಸಿ.ಡಿ.ಗಳು ಯಾರದಾದರೂ ಕಪಾಟಿನಲ್ಲಿದ್ದರೆ ಅವರಿಗೆ ನಮ್ಮಷ್ಟು ಕಷ್ಟವಾಗಲಾರದು.

ಸ್ಮರಣಸಂಚಿಕೆಗಳ ಪೈಕಿ ಎರಡು ವರ್ಷದ ಸಿ.ಡಿ.ಗಳು ಗೀರಿಹೋಗಿ ಓದಲಿಕ್ಕೇ ಬರುತ್ತಿಲ್ಲ. ಅದಕ್ಕೆ ಯಾವ ಮೂಲಪ್ರತಿಯಿಂದಲೂ ಉಪಾಯವಿಲ್ಲ. ೧೯೯೮ ಮತ್ತು ೨೦೦೧ರ ಸಂಚಿಕೆಗಳು ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ಅಟ್ಟದ ಮೇಲಾಗಲಿ, ಊರಿನ ಪೆಟ್ಟಿಗೆಯಲ್ಲಾಗಲಿ ಇದ್ದರೆ, ದಯವಿಟ್ಟು ಒಂದು ವಾರಕ್ಕೆ ಕಡ ಕೊಡಬೇಕು. ರಟ್ಟು ಹರಿದಿದ್ದರೂ ಅಡ್ಡಿಯಿಲ್ಲ. ಗ್ರಂಥಾಲಯ ಶನಿವಾರ ಸಂಜೆ ಐದರಿಂದ ಎಂಟರವರೆಗೆ ತೆರೆದಿರುತ್ತದೆ. ಹಳೆಯ ಗಣಕ ತರುವವರೂ ಆಗಲೇ ಬರಬಹುದು. ಬರುವಾಗ ಅದರ ವಿದ್ಯುತ್ ತಂತಿಯನ್ನು ಮರೆಯದೆ ತನ್ನಿ.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ.